ಕೂಸಿಗೆ ಸೋದರತ್ತೆ

ಹರಿಹರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ಹಿರಿಯಾಕೆಯೇ ಮೊದಲು ಶುರುಮಾಡಿದಳು.

"ದತ್ತು ಆದೇಶ ಬಂತು ಶಾಂತವ್ವ. ಕೂಸು ಇನ್ನ ನಮ್ದೇ."

"ಕಾಗದದಾಗೆ ನನ್ ತಂಗಿ ನಯನಾ ಹೆಸರೂ ಐತೇನ್ರಿ, ಮೈಲಮ್ಮೋರೆ?"

"ಇಲ್ಲ. ಇಬ್ರು ಹೆಣ್ಮಕ್ಕಳನ್ನ ಜೋಡಿ ಅಂತ ಕಾನೂನು ಒಪ್ಪಲ್ಲಂತೆ. ನನ್ ಮಗಳು ಸರೋಜಾ ಒಬ್ಬಾಕೀನೇ ತಾಯಿ."

"ಹಂಗಾರೆ ನಯನಾ ಕೂಸಿಗೆ ಏನಾಗ್ಬೇಕು?"

"ಅದನ್ನ ನೀನೇ ಹೇಳ್ಬೇಕು. ಸೋಮವಾರ ತೊಟ್ಲಿಗೆ ಹಾಕ್ತೀವಿ. ಕಿವ್ಯಾಗೆ ಹೆಸರು ಹೇಳಾಕೆ ಅಪ್ಪನ ಕಡೆಯಿಂದ ಸೋದರತ್ತೆ ಆಗಿ ಬರ್ತೀಯಾ?"

ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರಿಬ್ರೂ ಜೋಡಿ ಆದ್ರು ಅಂತ ಎರಡು ವರ್ಷ ನಯನಾ ಜತೆ ಮಾತು ಬಿಟ್ಟಿದ್ದೆ. ಬರ್ತೀನ್ರಿ. ಹೆಸರು ಹೇಳುವಾಗ ಸೋದರತ್ತೆ ಬೆನ್ನಿಗೆ ಎಲ್ಲಾರೂ ಗುದ್ದೋ ಶಾಸ್ತ್ರ ಐತಲ್ಲ, ಮೆಲ್ಲಗೆ ಗುದ್ದಾಕೆ ಹೇಳ್ರಿ."

"ಅದು ನನ್ನ ಕೈಯಾಗಿಲ್ಲ. ನಯನಾನೇ ಮೊದಲು ಗುದ್ದಾಕೆ ಕಾಯ್ತಾ ಕುಂತಾಳೆ."

ಇಬ್ಬರೂ ನಗುತ್ತಲೇ ದಾವಣಗೆರೆ ಬಸ್ಸಿನತ್ತ ನಡೆದರು.