ಬದುವಿನ ಹುಣಸೆ

ಭಕ್ತರೇ, ಕೇಳಿ. ಊರು ಯಾವುದಾದರೇನು, ಅಲ್ಲೊಬ್ಬ ಸಾಹುಕಾರನಿದ್ದ. ಕಣ್ಣು ಹಾಯುವಷ್ಟು ದೂರ ಅವನದೇ ಹೊಲ. ಅದರ ಪಕ್ಕದಲ್ಲಿ ಗುರಸವ್ವ ಎಂಬ ವಿಧವೆಯ ಎರಡೆಕರೆ. ನೋಡಿ, ಎರಡೆಕರೆಯ ಜೋಳ ಮನೆಯವರ ಹೊಟ್ಟೆಗೇ ಸಾಲದು. ಅದಕ್ಕೇ ಅವಳು ಬದುವಿನುದ್ದಕ್ಕೂ ಹುಣಸೆ ಸಸಿ ನೆಟ್ಟಳು. ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿದಳು. ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಿದಳು. ವರ್ಷಗಳು ಕಳೆದು ಮರಗಳು ಫಲ ಬಿಟ್ಟವು. ಮಳೆ ಕೈಕೊಟ್ಟು ಜೋಳ ಒಣಗಿದಾಗಲೂ ಹುಣಸೆಹಣ್ಣು ಮಾರಿ ಮಗಳನ್ನು ನರ್ಸಿಂಗ್ ಓದಿಸಿದಳು. ಯಾರ ಮುಂದೆಯೂ ಕೈಚಾಚಲಿಲ್ಲ.

ಅದೇ ಸಾಹುಕಾರನ ಕಣ್ಣು ಕುಕ್ಕಿತು. ಸಂಜೆ ಹೊತ್ತು ಆ ಮರಗಳ ನೆರಳು ಅವನ ಹೊಲದ ಅಂಚಿಗೆ ಬೀಳುತ್ತದಂತೆ! ಒಂದು ದಿನ ಆಳುಗಳನ್ನು ಕರೆತಂದು, ಎಲ್ಲರ ಕಣ್ಣೆದುರೇ, ಒಂದೊಂದು ಮರದ ತೊಗಟೆಯನ್ನೂ ಸುತ್ತಲೂ ಕೆತ್ತಿಸಿದ. ತೊಗಟೆ ಹೋದ ಮರ ನಿಂತಲ್ಲೇ ಸಾಯುತ್ತದೆ.

ಗುರಸವ್ವ ಓಡಿ ಬಂದಳು. "ಒಂದ್ ಮಾತು ಹೇಳಿದ್ರ ಟೊಂಗಿ ಕಡೀತಿದ್ನಲ್ರೀ ಸಾವ್ಕಾರ್ರ! ನೆರಳಿಗೆ ಹಾಳಾದ ಜ್ವಾಳ ನಾನೇ ತುಂಬಿ ಕೊಡ್ತಿದ್ದೆ!"

"ನನ್ನ ಹೊಲ, ನನ್ನ ಬಿಸಲು. ನಿನ್ನ ಕೂಡ ಏನ್ ಮಾತು?" ಎಂದ ಅವನು.

ಅವಳು ಊರ ಕಟ್ಟೆಗೆ ಹೋದಳು. "ನೀವೆಲ್ಲಾ ನೋಡೀರಿ. ಒಬ್ರಾದ್ರೂ ಬಾಯಿ ಬಿಡ್ರೆಪಾ!"

ಒಬ್ಬ ಎಲೆ ಅಡಿಕೆ ಮೆಲ್ಲುತ್ತ ಮುಖ ತಿರುಗಿಸಿದ. ಇನ್ನೊಬ್ಬ, "ದೊಡ್ಡವರ ಸುದ್ದಿ ನಮಗ್ಯಾಕ ತಂಗೀ" ಎಂದ.

ಅವಳು ಗಾಯಗಳಿಗೆ ಮಣ್ಣು, ಸಗಣಿ ಮೆತ್ತಿ ಹಳೆಯ ಸೀರೆ ಸುತ್ತಿದಳು. ಒಂದು ಮರವೂ ಉಳಿಯಲಿಲ್ಲ. ಮಗಳು ಓದು ಬಿಟ್ಟು ಬಂದಳು. ತಾಯಿ ಮಗಳು ಅದೇ ಸಾಹುಕಾರನ ಹೊಲಕ್ಕೆ ಕೂಲಿಗೆ ಹೋದರು.

ಸಾಹುಕಾರನಿಗೇನಾಯಿತು ಎಂದು ಕಾಯುತ್ತಿದ್ದೀರಾ? ಹಾವು ಕಚ್ಚಿತೇ? ಸಿಡಿಲು ಬಡಿಯಿತೇ? ಏನೂ ಆಗಲಿಲ್ಲ! ಮುಂದಿನ ಮಳೆಗಾಲ ಶಾಲೆಯಂಗಳದಲ್ಲಿ ಸಸಿ ನೆಡಲು ಊರವರು ಅವನನ್ನೇ ಕರೆದರು. ಶಾಲು ಹೊದಿಸಿದರು. ಚಪ್ಪಾಳೆ ತಟ್ಟಿದರು. ತಟ್ಟಿದವರು ಯಾರು? ರಾಕ್ಷಸರೇ? ಅಲ್ಲ, ಇಲ್ಲಿ ಕುಳಿತ ನಿಮ್ಮಂಥವರೇ!

ಏಕೆ ತಲೆ ತಗ್ಗಿಸುತ್ತೀರಿ? ಮರ ಫಲ ಕೊಡುವ ತನಕ ಯಾರು ಕಾಯುತ್ತಾರೆ ಎಂದು ನಿಮ್ಮ ಬದು ಬರಿದು ಬಿಟ್ಟಿದ್ದೀರಿ. ಕಾದು ಬೆಳೆಸಿದವರ ಮರಕ್ಕೆ ನಿಮ್ಮ ಆಡು ಬಿಡುತ್ತೀರಿ, ಕೊಡಲಿ ಒಯ್ಯುತ್ತೀರಿ. ಕೊಂಬೆ ನಿಮ್ಮ ಹೊಲಕ್ಕೆ ಬಂದಿತೇ? ಅವರ ಮನೆಗೆ ಹೋಗಿ, ಕೂತು ಮಾತಾಡಿ. ಬಡವರ ಮರಕ್ಕೆ ಯಾರಾದರೂ ಕೈ ಹಾಕಿದರೆ ಕಟ್ಟೆ ಬಿಟ್ಟು ಏಳಿ, ಹೋಗಿ ಅಡ್ಡ ನಿಲ್ಲಿ!

ನಿಮ್ಮೂರಲ್ಲೂ ತೊಗಟೆ ಸುಲಿದ ಮರಗಳಿವೆ. ಬರುವಾಗ ನಾನೇ ನೋಡಿದೆ. ನಾಳೆ ಬೆಳಿಗ್ಗೆ ಆ ಬದುವಿಗೆ ಹೋಗಿ, ಗುಂಡಿ ತೋಡಿ, ಸಸಿ ನೆಟ್ಟು, ನೀರು ಹೊತ್ತುಕೊಡಿ. ಅಲ್ಲಿಯವರೆಗೆ ಯಾರೂ ನನ್ನ ಕಾಲು ಮುಟ್ಟಬೇಡಿ.