ಜ್ವರಕ್ಕೆ ಕೂತ ಹುಳ

ಮಧ್ಯಾಹ್ನಕ್ಕೇ ಮಳೆ ಹಿಡಿದುಬಿಟ್ಟಿತ್ತು. ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರದಿಂದ ಬರುವ ಮನೋರೋಗದ ಡಾಕ್ಟರ ಜೀಪು ಇನ್ನೂ ಕಂಡಿರಲಿಲ್ಲ. ಸಾದಲಿ ಆಸ್ಪತ್ರೆಯ ವರಾಂಡದಲ್ಲಿ ನಾವು ಏಳೆಂಟು ಜನ ಗೋಡೆಗೆ ಒತ್ತಿಕೊಂಡು ಕೂತಿದ್ದೆವು. ಕೆಂಪರಾಜು ತನ್ನ ತಂಗಿ ವರಲಕ್ಷ್ಮಿಯ ಕೈ ಹಿಡಿದು ಎದ್ದ. ಮೂವತ್ತಾದರೂ ಆಕೆಗೆ ಮಗುವಿನ ಬುದ್ಧಿ, ಮೇಲೆ ಫಿಟ್ಸು.

"ಮುಂದಿನ ತಿಂಗಳು ಬರ್ತೀವಿ. ಹೋದ ತಿಂಗಳೂ ಮಾತ್ರೆ ತಪ್ಪಿತ್ತು, ಏನಾಯ್ತು? ಮನೇಲಿ ರೇಷ್ಮೆ ಹುಳ ಜ್ವರಕ್ಕೆ ಕೂತವೆ."

ತೋರಿಸಲು ಯಾರೂ ಇಲ್ಲದಿದ್ದರೂ ಪ್ರತಿ ಸಲ ಬಂದು ಕೂರುವ ಗಂಗುಲಪ್ಪ ತಾತ ತಲೆ ಎತ್ತಿದ. "ಕೂತ್ಕೊ ನಾಯ್ನಾ. ಒಂದು ಮಾತು ಕೇಳ್ಕೊಂಡು ಹೋಗು."

"ನಿನ್ ಮಾತು ಮುಗಿಯೋದ್ರಲ್ಲಿ ನನ್ ಹುಳ ಗೂಡು ಕಟ್ಟಿರ್ತವೆ ತಾತ" ಎಂದು ನಗುತ್ತಲೇ ಕೂತ.

"ಪೊರೆ ಬಿಡೋಕೆ ಮುಂಚೆ ಹುಳ ತಿನ್ನದೆ, ಅಲ್ಲಾಡದೆ ಕೂರ್ತವಲ್ಲ, ಅದೇ ಜ್ವರ... ಆವಾಗ ಸೊಪ್ಪು ಹಾಕಂಗಿಲ್ಲ, ಹೊರಗಿನೋರ್ನ ಬಿಟ್ಕೊಳ್ಳಂಗಿಲ್ಲ. ನನ್ ಮೊಮ್ಮಗಳು ಕವಿತಂಗೆ ಅದೆಲ್ಲ ಎಲ್ಲಿ ತಿಳೀಬೇಕು? ನಿನ್ ತಂಗಿ ಹಂಗೇ ಕಣಪ್ಪ ಅವಳೂ. ಹುಳಕ್ಕೆ ಹಸಿವು ಅಂತ ಜ್ವರದಾಗೂ ಸೊಪ್ಪು ಹೊದಿಸೋಳು. ಅದಕ್ಕೇ ಪಕ್ಕದ ಕೋಣೇಲಿ ಕೂಡಿ ಹಾಕ್ದೆ... ನಾನೇ. ಆಶಾ ಕಾರ್ಯಕರ್ತೆ ರಾಧಾಮಣಿ ಮಾತ್ರೆ ಹಿಡ್ಕೊಂಡು ಎರಡು ಸಲ ಬಂದ್ಲು. ಆಸ್ಪತ್ರೆ ವಾಸ್ನೆ ಹುಳಕ್ಕಾಗಲ್ಲ, ಹೋಗಮ್ಮ ಅಂತ ಬಾಗಿಲಿಂದ್ಲೇ ಕಳಿಸ್ದೆ. ಪೊರೆ ಬಿಟ್ಟು ಹುಳ ಎದ್ವು. ಎದ್ದ ಹುಳ ಸೊಪ್ಪು ತಿನ್ನೋ ಸದ್ದು ಗೊತ್ತಲ್ಲ... ಹಿಂಗೇ, ಮಳೆ ಸುರಿದಂಗೆ. ಆ ಸದ್ದಲ್ಲಿ ಗೋಡೆಯಾಚೆ ಅವಳು ಫಿಟ್ಸ್ ಬಂದು ಒದ್ದಾಡಿದ್ದು ನನ್ ಕಿವಿಗೆ ಬೀಳ್ಲಿಲ್ಲ. ಬಾಗಿಲು ತೆಗೆದಾಗ ತಣ್ಣಗಾಗಿದ್ಲು."

ತಾತ ಸುರಿಯುವ ಮಳೆಯತ್ತ ಒಮ್ಮೆ ನೋಡಿ ಮುಂದುವರಿಸಿದ.

"ಮುಂದಿನ ಬೆಳೆಗೆ ಹುಳ ಜ್ವರಕ್ಕೆ ಕೂತ್ವು. ಹುಳದ ಮನೆಗೆ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದೆ. ಬೆಳಗ್ಗೆ ತೆಗೀತೀನಿ... ಹುಳದ ತಟ್ಟೆತಟ್ಟೆಗೂ ಹಸಿ ಸೊಪ್ಪು! ಎಳೆಮಗೂಗೆ ಹೊದಿಸಿದಂಗೆ, ಒಂದೊಂದೇ ಎಲೆ. ಮೂರು ಬೆಳೆ ಹಂಗೇ ಆಯ್ತು. ಕೊನೆಗೆ ತಟ್ಟೆ ಮಾರಿ ಹಿಪ್ಪುನೇರಳೆ ಕಿತ್ತು ಹಾಕ್ದೆ. ಕವಿತ ನಮ್ಮನೆಗೆ ಬರೋದು ಬಿಟ್ಲು. ಹಂಗಾದ್ರೆ ಎಲ್ಲಿಗೆ ಹೋಗ್ತಾಳೆ? ಹುಳ ನೋಡ್ಕೊಂಡು ಮಾತ್ರೆ ಮರೆಯೋ ಮನೆಗಳಿಗೆ..."

ತಾತ ಕೆಂಪರಾಜುವನ್ನೇ ದಿಟ್ಟಿಸಿದ. "ನಿಜ ಹೇಳು. ಇವತ್ತು ಬೆಳಗ್ಗೆ ನಿನ್ ತಟ್ಟೆಗಳಲ್ಲಿ ಸೊಪ್ಪಿತ್ತಾ?"

ಕೆಂಪರಾಜುವಿನ ಮುಖ ಬಿಳಿಚಿಕೊಂಡಿತು. "ಇತ್ತು... ಇವಳೇ ಹಾಕಿದ್ದು, ಅದಕ್ಕೆ ಬೈದೆ..." ಎಂದು ತಂಗಿಯತ್ತ ತಿರುಗಿದ.

ವರಲಕ್ಷ್ಮಿ ಅಲ್ಲವೆಂದು ತಲೆಯಾಡಿಸಿದಳು.

"ನಾನಲ್ಲಣ್ಣ, ಆ ಅಕ್ಕ. ಅವಳಿಗೂ ಮಾತ್ರೆ ಇಸ್ಕೊ."