ಊದಬಾರದ ಮೈಕು

ಮೈಕ್ ಅಂಗಡಿಯ ಸರದಿಯಲ್ಲಿ ನನ್ನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ಅಕ್ಕನ ಬೆನ್ನ ಮೇಲೆ ಗಿಟಾರ್ ಇತ್ತು.

“ಮತ್ತೆ ರಿಬ್ಬನ್ ಮೈಕೇ ಬೇಕಾ ಅಕ್ಕಾ?”

“ಅದೇ ಬೇಕು. ಡಿಸ್ಟಾರ್ಷನ್ ಹಾಕಿ ಸದ್ದು ಒರಟು ಮಾಡಿದ್ರೆ ಬೇರೆ ಮೈಕಲ್ಲಿ ಗಿಟಾರ್ ಕಿವಿಗೆ ಚುಚ್ಚುತ್ತೆ. ಇದರಲ್ಲಿ ಗುಡುಗಿದ ಹಾಗಿರುತ್ತೆ.”

“ಒಳಗಿನ ರಿಬ್ಬನ್ ಪಟ್ಟಿ ಈರುಳ್ಳಿ ಸಿಪ್ಪೆಗಿಂತ ತೆಳು. ಹೋದ ಸಲ ಹರಿದೇ ಹೋಯ್ತಲ್ಲ!”

“ಸ್ಪೀಕರ್ ಅಬ್ಬರಕ್ಕೂ ಹರಿದಿರಲಿಲ್ಲ. ನೀನು ಬಂದು ಉಫ್ ಅಂತ ಊದಿ ಪರೀಕ್ಷೆ ಮಾಡಿದೆ.”

“ಮೈಕ್ ಕಂಡ್ರೆ ಊದೋದು ಅಭ್ಯಾಸ ಕಣೇ.”

“ನಾಳೆ ರೆಕಾರ್ಡಿಂಗ್. ಇದೂ ಹರಿದ್ರೆ ನಮ್ಮ ಹಾಡು ಅಲ್ಲಿಗೇ ಮುಗೀತು.”

ಅಂಗಡಿಯವರು ಪೆಟ್ಟಿಗೆ ತೆರೆದರು. ತಮ್ಮ ಬಗ್ಗಿದ. ಅಕ್ಕ ತಟ್ಟನೆ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಇದನ್ನೇ ಕೊಡಿ ಅಣ್ಣಾ.”

“ಮೂಗಲ್ಲಾದ್ರೂ ಉಸಿರಾಡ್ಲಾ?”

“ಆ ಕಡೆ ತಿರುಗಿ ಉಸಿರಾಡು.”

ಪೆಟ್ಟಿಗೆಯನ್ನು ಎದೆಗವಚಿಕೊಂಡು ಅವಳು ಹೊರಟಳು. ತಮ್ಮ ಮುಖ ಆಚೆ ತಿರುಗಿಸಿಕೊಂಡೇ ಬಾಗಿಲು ದಾಟಿದ.